ಪಟ್ಟಿಗೆ ಹೆಸರು ಹ್ಯಾಂಗ ಬರತದ, ಕಾಕಾ?

ಭಾಗ 1/9

ನವೆಂಬರ್ 27ರ ರಾತ್ರಿಯಿಂದ ನನ್ನ ಫೀಡ್‌ನ್ಯಾಗ ಒಂದೇ ಮಾತು: "ನಾವು ಹೇಳಿದ್ದೇ ಆಯ್ತು ನೋಡ್ರಿ."

ದೆಹಲಿಯಲ್ಲಿ ಡಬ್ಲ್ಯುಪಿಎಲ್ ಮೆಗಾ ಹರಾಜು ಮುಗೀತು. 277 ಹೆಸರು, 73 ಜಾಗ, ಐದು ತಂಡ. ಹರಾಜಿಗೆ ವಾರ ಮೊದಲೇ ಯಾರು ಯಾವ ತಂಡಕ್ಕೆ, ಎಷ್ಟು ರೊಕ್ಕಕ್ಕೆ ಅಂತ ಬರೆದ ಪೇಜುಗಳು ಈಗ ಸರಿ ಬಂದ ಹೆಸರಿನ ಮುಂದೆ ಹಸಿರು ಟಿಕ್ ಹಾಕಿ ಮತ್ತೊಮ್ಮೆ ಪೋಸ್ಟ್ ಮಾಡಲತ್ತಾವ. ತಪ್ಪಾದ ಸ್ಲೈಡು ಎಲ್ಲದ? ಅದು ರಾತ್ರೋರಾತ್ರಿ ಡಿಲೀಟ್ ಆಗ್ಯಾದ. ಕಮೆಂಟ್‌ನ್ಯಾಗ ಯಾರಾದರೂ ಕೇಳಿದರೆ ಒಂದು ನಗುವ ಇಮೋಜಿ, ಅಷ್ಟೇ.

ನನಗೆ ಇದರ ಮೇಲೆ ಸಿಟ್ಟದ. ಆದರೆ ಸಿಟ್ಟು ಮಾಡೋ ಮೊದಲು ನನ್ನ ತಪ್ಪು ಒಪ್ಪಿಕೊಂಡು ಬಿಡ್ತೀನಿ, ಇಲ್ಲಂದ್ರ ನನ್ನ ಹಳೇ ಪೋಸ್ಟ್ ತೆಗೆದು ನೀವೇ ತೋರಿಸ್ತೀರಿ.

2023ರ ಫೆಬ್ರುವರಿ 13. ಮುಂಬೈಯಲ್ಲಿ ಮೊದಲನೇ ಹರಾಜು. ಅದಕ್ಕೂ ಮೂರು ದಿನ ಮೊದಲು ಮಟಕಿಯ ನಮ್ಮನಿ ಮಾಳಿಗಿ ಮ್ಯಾಲ ಕೂತು ಆರ್‌ಸಿಬಿಗೆ ನಾನೂ ಒಂದು ತಂಡ ಬರೆದಿದ್ದೆ. ಸ್ಮೃತಿ ಮಂದಾನ ಅಂತ ಬರೆದೆ. ಬಂದಳು, 3.4 ಕೋಟಿಗೆ. ಊರ ಮುಂದೆ ಎದೆ ತಟ್ಟಿಕೊಂಡೆ. ಸ್ಮೃತಿಗೆ ಜಾಸ್ತಿ ರೊಕ್ಕ ಬರತದ ಅಂತ ಹೇಳೋದಕ್ಕ ಏನ್ ಪಂಡಿತಿಕಿ ಬೇಕ್ರಿ? ಮಳೆಗಾಲದಾಗ ಮಳಿ ಬರತದ ಅಂದಂಗ.

ಅದೇ ಹರಾಜಿನಲ್ಲಿ ಆರ್‌ಸಿಬಿ 10 ಲಕ್ಷಕ್ಕೆ ಇನ್ನೊಬ್ಬ ಹುಡುಗಿಯನ್ನು ತಗೊಂಡಿತು. 10 ಲಕ್ಷ ಅಂದ್ರ ಅದಕ್ಕಿಂತ ಕಡಿಮೆ ಬೆಲೆಯೇ ಇಲ್ಲ. ಹೆಸರು ಶ್ರೇಯಾಂಕಾ ಪಾಟೀಲ್. ಕಲಬುರಗಿ ಮೂಲದವಳು.

ನನ್ನ ಪಟ್ಟಿಯಲ್ಲಿ ಆ ಹೆಸರು ಇರಲಿಲ್ಲ. ಇರಲಿಲ್ಲ ಅಂದ್ರ, ಕೇಳೇ ಇರಲಿಲ್ಲ. ಆಸ್ಟ್ರೇಲಿಯಾದ ಮೀಸಲು ವಿಕೆಟ್ ಕೀಪರ್ ಯಾರು ಅಂತ ಗೊತ್ತಿದ್ದ ನನಗೆ ನಮ್ಮ ಜಿಲ್ಲೆಯ ಬೇರಿನ ಹುಡುಗಿ ಗೊತ್ತಿರಲಿಲ್ಲ. ಈ ಸರಣಿ ಶುರುವಾಗೋದು ಅಲ್ಲಿಂದ.

ಭಾಗ 2/9

ಮೊದಲು ಈ ಹರಾಜಿನ ಲೆಕ್ಕ ನೋಡೋಣ. "ವಿಶ್ಲೇಷಣೆ" ಅಂತಾರಲ್ಲ, ಅದರಾಗ ಎಷ್ಟು ಹುರುಳದ ತಿಳೀಲಿ.

ಈ ಸಲ ಕೋಣೆಯಲ್ಲಿ ಮೊದಲು ಕೂಗಿದ ಹೆಸರು ಅಲಿಸಾ ಹೀಲಿ. ಆಗ ಆಸ್ಟ್ರೇಲಿಯಾ ತಂಡದ ನಾಯಕಿ ಆಗಿದ್ದವಳು. ಫೀಡ್‌ನಲ್ಲಿ ನಾನು ಕಂಡ ಒಂದು ಪಟ್ಟಿಯಲ್ಲೂ ಆಕೆ ಮಾರಾಟವಾಗೋದಿಲ್ಲ ಅಂತ ಇರಲಿಲ್ಲ. ಯಾರೂ ಕೈ ಎತ್ತಲಿಲ್ಲ. ಮೊದಲನೇ ಹೆಸರಿಗೇ ಎಲ್ಲರ ಹಾಳಿ ಹರಿದು ಹೋಯ್ತು.

ಆಮೇಲೆ ದೀಪ್ತಿ ಶರ್ಮಾ. ನವೆಂಬರ್ 2ಕ್ಕೆ ವಿಶ್ವಕಪ್ ಗೆದ್ದ ತಂಡದವಳು, ಟೂರ್ನಿಯ ಶ್ರೇಷ್ಠ ಆಟಗಾರ್ತಿ, 22 ವಿಕೆಟ್. ಇವಳಿಗೆ ಪೈಪೋಟಿ ಆಗತದ ಅಂತ ಎಲ್ಲರೂ ಬರೆದರು. ಕೋಣೆಯಲ್ಲಿ ಆದದ್ದೇನು? ಡೆಲ್ಲಿ ಒಂದೇ ತಂಡ ಕೈ ಎತ್ತಿತು, ಮೂಲ ಬೆಲೆ 50 ಲಕ್ಷಕ್ಕೆ. ಮತ್ತ್ಯಾರೂ ಇಲ್ಲ. ಯುಪಿ ತಂಡ ತನ್ನ ಹಳೇ ಆಟಗಾರ್ತಿಯನ್ನು ವಾಪಸ್ ತಗೊಳ್ಳೋ ಹಕ್ಕಿನ ಕಾರ್ಡ್ ತೆಗೆದಾಗ, ಕಡೀ ಬೆಲೆ ಹೇಳ್ರಿ ಅಂತ ಡೆಲ್ಲಿಗೆ ಕೇಳಿದರು. ಡೆಲ್ಲಿ ಒಂದೇ ಏಟಿಗೆ 3.2 ಕೋಟಿ ಅಂದಿತು. ಯುಪಿ ಹೂಂ ಅಂದಿತು.

ವಿಚಾರ ಮಾಡ್ರಿ. ಅದೇ ಆಟಗಾರ್ತಿ, ಅದೇ ಕೈ, ಅದೇ 22 ವಿಕೆಟ್. ಐದು ನಿಮಿಷದಾಗ 50 ಲಕ್ಷದಿಂದ 3.2 ಕೋಟಿ. ನಡುವೆ ಆಕೆ ಒಂದು ಬಾಲೂ ಹಾಕಿಲ್ಲ. ಬದಲಾಗಿದ್ದು ಎದುರಿನ ಟೇಬಲ್ಲಿನವರ ಪರ್ಸು, ಅವರ ಹಟ, ಅವರ ಕೈಯಾಗಿನ ಕಾರ್ಡು.

ಶ್ರೀಲಂಕಾದ ಚಾಮರಿ ಅಟಪಟ್ಟು ನೆನಪದೇನ್ರಿ? ಮೊದಲ ಹರಾಜಿನಲ್ಲಿ ಬಿಕರಿ ಆಗಲಿಲ್ಲ. ಎರಡನೇದರಲ್ಲೂ ಆಗಲಿಲ್ಲ. ಆಮೇಲೆ ಬೇರೊಬ್ಬರು ಬರೋದಿಲ್ಲ ಅಂದಾಗ ಅವರ ಜಾಗಕ್ಕೆ ಯುಪಿ ಕರೆಸಿಕೊಂಡಿತು. ಆಕೆ ಸಣ್ಣ ಆಟಗಾರ್ತಿ ಅಂತ ಯಾವನಾದರೂ ಹೇಳಲಿ ನೋಡೋಣ.

ಅಂದ್ರ ಹರಾಜಿನ ಬೆಲೆ ಊಹೆ ಮಾಡೋದು ಅಂದ್ರ ಆಟದ ಬಗ್ಗೆ ಹೇಳೋದಲ್ಲ. ಶ್ರೀಮಂತರ ಟೇಬಲ್ಲಿನ ಮೂಡು ಹೇಳೋದು. ಅದನ್ನ ಹೇಳ್ರಿ, ನನ್ನ ತಕರಾರಿಲ್ಲ. ಆದರೆ "ಈ ಹುಡುಗಿಯ ಯೋಗ್ಯತೆ ಇಷ್ಟು" ಅಂತ ಬೆಲೆ ಬರೆದು ಕೆಳಗೆ ಫೋಟೊ ಹಚ್ಚಬ್ಯಾಡ್ರಿ. ಅದು ಆಳಂದ ಸಂತಿಯಾಗ ಎತ್ತಿನ ಹಲ್ಲು ನೋಡಿದಂಗ ಕಾಣಸತದ.

ಭಾಗ 3/9

ಈಗ 10 ಲಕ್ಷದವರ ಕಥೆ.

ಶ್ರೇಯಾಂಕಾ: ಹರಾಜಾಗಿ ನಾಲ್ಕೇ ತಿಂಗಳಿಗೆ, ಜೂನ್ 2023ರಲ್ಲಿ, ಹಾಂಗ್‌ಕಾಂಗ್‌ನ ಎಮರ್ಜಿಂಗ್ ಏಷ್ಯಾ ಕಪ್‌ನಲ್ಲಿ 2 ರನ್ನಿಗೆ 5 ವಿಕೆಟ್. ಅದೇ ವರ್ಷ ಮಹಿಳೆಯರ ಕೆರಿಬಿಯನ್ ಲೀಗ್‌ಗೆ ಹೋದ ಮೊದಲ ಭಾರತೀಯ ಆಟಗಾರ್ತಿ. ಡಿಸೆಂಬರ್‌ನಲ್ಲಿ ವಾಂಖೆಡೆಯಲ್ಲಿ ಭಾರತದ ಟೋಪಿ. 2024ರ ಮಾರ್ಚ್ 17ರಂದು ಡಬ್ಲ್ಯುಪಿಎಲ್ ಫೈನಲ್: 12 ರನ್ನಿಗೆ 4 ವಿಕೆಟ್, ಡೆಲ್ಲಿ 113ಕ್ಕೆ ಗಂಟುಮೂಟೆ. ಒಟ್ಟು 13 ವಿಕೆಟ್, ಪರ್ಪಲ್ ಕ್ಯಾಪ್. "ಈ ಸಲ ಕಪ್ ನಮ್ದೇ" ಅಂತ ವರ್ಷಾನುಗಟ್ಟಲೆ ಅಂದು ಅಂದು ನಗೆಪಾಟಲಾಗಿದ್ದ ಫ್ರಾಂಚೈಸಿಗೆ ಮೊದಲ ಕಪ್ ತಂದ ಕೈಗಳಲ್ಲಿ ಈ 10 ಲಕ್ಷದ ಕೈ ಒಂದು.

ಆಶಾ ಶೋಭನಾ: ತಿರುವನಂತಪುರದವರು, ಅವರದೂ 10 ಲಕ್ಷ. ವಯಸ್ಸು ಮೂವತ್ತು ದಾಟಿತ್ತು. 2024ರ ಫೆಬ್ರುವರಿ 24, ಯುಪಿ ವಿರುದ್ಧ 22ಕ್ಕೆ 5. ಡಬ್ಲ್ಯುಪಿಎಲ್‌ನಲ್ಲಿ ಐದು ವಿಕೆಟ್ ತೆಗೆದ ಮೊದಲ ಭಾರತೀಯ ಆಟಗಾರ್ತಿ. ಈ ನವೆಂಬರ್‌ನಲ್ಲಿ ಅದೇ ಯುಪಿ 1.1 ಕೋಟಿ ಕೊಟ್ಟು ಕರಕೊಂಡು ಹೋಯಿತು.

ಸಜನಾ ಸಜೀವನ್: ವಯನಾಡಿನವಳು, 15 ಲಕ್ಷ. ಮುಂಬೈ ಪರವಾಗಿ ಮೊದಲನೇ ಮ್ಯಾಚು, ಎದುರಿಸಿದ ಮೊದಲನೇ ಬಾಲು, ಅದೇ ಮ್ಯಾಚಿನ ಕೊನೇ ಬಾಲು. ಗೆಲ್ಲಾಕ 5 ರನ್ ಬೇಕು. ಸಿಕ್ಸ್.

ಇನ್ನೊಂದು ಬದಿ ನೋಡ್ರಿ. 2023ರ ಡಿಸೆಂಬರ್ ಹರಾಜಿನಲ್ಲಿ ಕಾಶ್ವಿ ಗೌತಮ್‌ಗೆ 2 ಕೋಟಿ, ನಮ್ಮ ಕರ್ನಾಟಕದ ವೃಂದಾ ದಿನೇಶ್‌ಗೆ 1.3 ಕೋಟಿ. ಆ ರಾತ್ರಿ ಪೇಜುಗಳೆಲ್ಲ ದೀಪಾವಳಿ. ಆದದ್ದೇನು? ಕಾಶ್ವಿ ಗಾಯಗೊಂಡು ಆ ಸೀಸನ್ನೇ ಆಡಲಿಲ್ಲ. ವೃಂದಾ ಫೀಲ್ಡಿಂಗ್ ಮಾಡುವಾಗ ಭುಜಕ್ಕೆ ಪೆಟ್ಟು ಮಾಡಿಕೊಂಡು ನಡುವೆಯೇ ಹೊರಗೆ ಬಂದಳು. ಅವರ ತಪ್ಪೇನದ ಇದರಾಗ? ಏನೂ ಇಲ್ಲ. ಆದರೂ ಆ ಹುಡುಗಿಯರ ಫೋಟೊ ಮೇಲೆ "ವೇಸ್ಟ್" ಅಂತ ಬರೆದವರು ಯಾರು? ವಾರದ ಹಿಂದೆ "ಇವಳೇ ಭವಿಷ್ಯ" ಅಂತ ಬರೆದವರೇ. ಶ್ರೇಯಾಂಕಾಳೂ ಗಾಯದಿಂದ 2025ರ ಸೀಸನ್ ಪೂರ್ತಿ ಕಳಕೊಂಡಳು. ಆರ್‌ಸಿಬಿ 60 ಲಕ್ಷಕ್ಕೆ ಉಳಿಸಿಕೊಂಡದ್ದು ಒಳ್ಳೇದಾಯ್ತು.

ಭಾಗ 4/9

"ಎಲ್ಲಾ ಕಡೆ ಊಹೆ ಮಾಡ್ತಾರ್ರೀ, ಅಮೆರಿಕಾದಾಗ ಮಾಕ್ ಡ್ರಾಫ್ಟ್ ಅಂತ ಪುಸ್ತಕ ಪುಸ್ತಕ ಬರೀತಾರ" ಅಂತ ಒಬ್ಬ ತಮ್ಮ ಇನ್‌ಬಾಕ್ಸಿಗೆ ಬಂದಿದ್ದ. ಹೌದಪ್ಪ. ಬಾ, ಅದನ್ನೇ ಮಾತಾಡೋಣ.

ಅಮೆರಿಕದ ಮಹಿಳಾ ಬ್ಯಾಸ್ಕೆಟ್‌ಬಾಲ್ ಲೀಗು, ಡಬ್ಲ್ಯುಎನ್‌ಬಿಎ, 1997ರಿಂದ ನಡೆದದ. ಅಲ್ಲಿ ಹರಾಜಿಲ್ಲ, ಡ್ರಾಫ್ಟ್. ರೊಕ್ಕದ ಕೂಗಾಟ ಇಲ್ಲ. ಸೋತ ತಂಡಗಳು ಚೀಟಿ ಎತ್ತತಾವ, ಹೆಚ್ಚು ಸೋತವರಿಗೆ ಮೊದಲ ಆಯ್ಕೆ ಸಿಗೋ ಅವಕಾಶ ಹೆಚ್ಚು. ಆಮೇಲೆ ಸರದಿ ಪ್ರಕಾರ ಒಬ್ಬೊಬ್ಬರನ್ನು ಆರಿಸತಾವ. 2024ರಲ್ಲಿ 12 ತಂಡ, ಮೂರು ಸುತ್ತು, 36 ಹೆಸರು.

ಆ ವರ್ಷ ಮೊದಲ ಹೆಸರು ಕೇಟ್ಲಿನ್ ಕ್ಲಾರ್ಕ್, ಇಂಡಿಯಾನಾ ಫೀವರ್ ತಂಡಕ್ಕೆ. ಎಲ್ಲರೂ ಸರಿಯಾಗಿ ಊಹಿಸಿದ್ದರು. ಯಾಕ? ಯಾಕಂದ್ರ ಆಕೆ ಅಯೋವಾ ವಿಶ್ವವಿದ್ಯಾಲಯಕ್ಕೆ ನಾಲ್ಕು ವರ್ಷ ಆಡಿ 3,951 ಪಾಯಿಂಟ್ ಹಾಕಿದ್ದಳು. ಆ 3,951ರಲ್ಲಿ ಒಂದೊಂದೂ ಬರೆದಿಟ್ಟದ್ದದ. ಎಲ್ಲಿಂದ ಎಸೆದಳು, ಎಷ್ಟು ತಪ್ಪಿತು, ಯಾರಿಗೆ ಪಾಸು ಕೊಟ್ಟಳು, ಯಾವ ಊರಾಗ, ಎಷ್ಟನೇ ನಿಮಿಷಕ್ಕೆ. ಆಕೆ ಒಬ್ಬಳದೇ ಅಲ್ಲ, 36ನೇ ಹೆಸರಿನವಳದೂ, ಆರಿಸದೇ ಬಿಟ್ಟವಳದೂ. ಅಲ್ಲಿ ಊಹೆ ಮಾಡೋನು ಎದುರಿಗೆ ನಾಲ್ಕು ವರ್ಷದ ದಫ್ತರ ಇಟ್ಟುಕೊಂಡು ಕೂತಿರತಾನ. ತಪ್ಪಾದರೆ ಎಲ್ಲಿ ತಪ್ಪಾಯಿತು ಅಂತ ಅವನಿಗೆ ಹೇಳಬಹುದು.

ಆ ದಫ್ತರ ತಾನೇ ತಾನು ಹುಟ್ಟಿಲ್ಲ. 1972ರಲ್ಲಿ ಟೈಟಲ್ 9 ಅಂತ ಕಾನೂನು ತಂದರು. ಸರಕಾರದ ರೊಕ್ಕ ತಗೊಳ್ಳೋ ಶಾಲೆ-ಕಾಲೇಜು ಹೆಣ್ಣುಮಕ್ಕಳಿಗೆ ಭೇದ ಮಾಡಂಗಿಲ್ಲ ಅಂದಿತು. ಕಾಲೇಜಿನವರು ಹುಡುಗಿಯರಿಗೂ ತಂಡ ಕಟ್ಟಬೇಕಾಯಿತು, ಕೋಚ್ ಇಡಬೇಕಾಯಿತು. 1972ಕ್ಕೂ 1997ಕ್ಕೂ ನಡುವೆ 25 ವರ್ಷ. ಮೊದಲು ಆಟ, ಆಮೇಲೆ ಲೆಕ್ಕ, ಆಮೇಲೆ ಲೀಗು, ಕಡೀಕೆ ಊಹೆ.

ನಮ್ಮಲ್ಲಿ ಬ್ಯಾಸ್ಕೆಟ್‌ಬಾಲ್ ಆಡೋ ಹೆಣ್ಣುಮಕ್ಕಳು ಇಲ್ಲ ಅಂತಲ್ಲ. ಕೇರಳದ ಗೀತು ಅನ್ನಾ ಜೋಸ್ 2011ರಲ್ಲಿ ಅಮೆರಿಕಕ್ಕೆ ಹೋಗಿ ಆ ಲೀಗಿನ ತಂಡಗಳ ಮುಂದೆ ಟ್ರಯಲ್ಸ್ ಕೊಟ್ಟು ಬಂದರು. ಜಾಗ ಸಿಗಲಿಲ್ಲ. ಆಗ ಆ ಲೀಗಿನಾಗ ಒಟ್ಟು ಕೆಲಸವೇ ನೂರೈವತ್ತರ ಒಳಗ ಇತ್ತು; ಡ್ರಾಫ್ಟ್ ಆದವರೇ ಕ್ಯಾಂಪ್‌ನಿಂದ ಮನಿಗಿ ಬರತಾರ.

ನಮ್ಮ ಪೇಜಿನವರು ತಗೊಂಡದ್ದು ಆ ಕೊನೇ ಮೆಟ್ಟಿಲು ಒಂದೇ. ಮೊದಲ ಮೂರು ಮೆಟ್ಟಿಲು ಕಟ್ಟದೇ ಮಾಳಿಗಿ ಮ್ಯಾಲ ನಿಂತೀವಿ ಅಂತಾರ.

ಭಾಗ 5/9

ಈ ಫೋಟೊದಾಗ ಬೌಲಿಂಗ್ ಮಾಡಲತ್ತಿದ್ದು ನಮ್ಮಣ್ಣನ ಮಗಳು. ಮುಖ ಕಾಣದಂಗ ಹಿಂದಿನಿಂದ ತೆಗೆದೀನಿ, ಹೆಸರು ಕೇಳಬ್ಯಾಡ್ರಿ. 9ನೇ ಕ್ಲಾಸು. ಆಫ್ ಸ್ಪಿನ್, ಟೆನ್ನಿಸ್ ಬಾಲು. ಡ್ಯೂಸ್ ಬಾಲ್ ಕೈಯಾಗ ಹಿಡಿದದ್ದು ಎರಡು ಸಲ. ವಿಕೆಟ್ ಅಂದ್ರ ಮೂರು ಕಟಗಿ, ಪಿಚ್ ಅಂದ್ರ ತೊಗರಿ ರಾಶಿ ಮಾಡಿ ಖಾಲಿ ಆದ ಕಣ. ಕರಿ ಮಣ್ಣು ಒಣಗಿ ಬಿರುಕು ಬಿಟ್ಟದ, ಆ ಬಿರುಕಿಗೆ ಬಿದ್ದ ಬಾಲು ಯಾಕಡಿ ತಿರುಗತದ ಆಕೆಗೂ ಗೊತ್ತಿಲ್ಲ, ಬ್ಯಾಟ್ ಹಿಡಿದವರಿಗೂ ಗೊತ್ತಿಲ್ಲ.

ಹರಾಜಿನ ದಿನ ನನ್ನ ಫೋನ್ ಆಕೆ ಕೈಯಾಗೇ ಇತ್ತು. ಸಂಜಿ ಹೊತ್ತು ಕೇಳಿದಳು: "ಕಾಕಾ, 277 ಮಂದಿ ಅಂತಾರಲ್ಲ. ಆ ಪಟ್ಟಿಗೆ ಹೆಸರು ಹ್ಯಾಂಗ ಬರತದ?"

ಮೂರು ವರ್ಷದಿಂದ ಈ ಪೇಜು ನಡೆಸಲತ್ತೀನಿ. ಈ ಪ್ರಶ್ನೆ ನನಗೆ ಯಾರೂ ಕೇಳಿದ್ದಿಲ್ಲ, ನಾನೂ ಕೇಳಿಕೊಂಡಿದ್ದಿಲ್ಲ.

ತಿಳಿದಷ್ಟು ಹೇಳಿದೆ. ಮೊದಲು ವಲಯದ ಟ್ರಯಲ್ಸ್. ನಮ್ಮ ಜಿಲ್ಲೆ ಕೆಎಸ್‌ಸಿಎದ ರಾಯಚೂರು ವಲಯಕ್ಕೆ ಬರತದ. ಅಲ್ಲಿ ಆರಿಸಿದರೆ ರಾಜ್ಯದ ಆಯ್ಕೆಗೆ, ಅಂದ್ರ ಬೆಂಗಳೂರಿಗೆ. 15ರ ಒಳಗಿನವರು, 19ರ ಒಳಗಿನವರು, 23ರ ಒಳಗಿನವರು ಅಂತ ತಂಡಗಳು. ಅಲ್ಲಿಂದ ರಾಜ್ಯದ ಸೀನಿಯರ್ ತಂಡ. ರಾಷ್ಟ್ರೀಯ ಟೂರ್ನಿಯಲ್ಲಿ ಆಡಿದಾಗ ಫ್ರಾಂಚೈಸಿಯವರ ಕಣ್ಣಿಗೆ ಬೀಳಬೇಕು, ಅವರು ಟ್ರಯಲ್ಸ್‌ಗೆ ಕರೀಬೇಕು. ಹರಾಜಿಗೆ ಹೆಸರು ಹಚ್ಚಬೇಕು. ಹಚ್ಚಿದವರೆಲ್ಲ ಪಟ್ಟಿಗೆ ಬರೋದಿಲ್ಲ: 2023ರಲ್ಲಿ 1,525 ಹೆಸರು ಬಂದಿದ್ದವು, ಸೋಸಿ ಉಳಿಸಿದ್ದು 409.

ಆಕೆ ಬೆರಳು ಮಡಚಿ ಎಣಿಸಿದಳು. "ಮೊದಲನೇದು ಯಾವಾಗ ಆಗತದ?"

ಗೊತ್ತಿರಲಿಲ್ಲ. ಕ್ರಿಕೆಟ್ ಪೇಜ್ ನಡೆಸೋ ನನಗೆ, ನಮ್ಮ ವಲಯದ ಹುಡುಗಿಯರ ಟ್ರಯಲ್ಸ್ ಯಾವಾಗ, ಎಲ್ಲಿ ಅಂತ ಗೊತ್ತಿರಲಿಲ್ಲ. ಮೆಲ್ಬರ್ನ್ ಸ್ಟಾರ್ಸ್ ಹುಡುಗಿಯರ ವೇಳಾಪಟ್ಟಿ ಬಾಯಿಪಾಠ ಇತ್ತು.

ಕೆಲವರು ಅಂತಾರ, ಈಗ ಶಕ್ತಿ ಯೋಜನೆ ಅದ, ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟ, ಹೋಗಲಿ ಬಿಡ್ರಿ ಅಂತ. ಖರೇನೇ, 2023ರ ಜೂನ್‌ನಿಂದ ಟಿಕೀಟಿನ ಚಿಂತಿ ಇಲ್ಲ. ಆದರೆ ಮುಂಜಾನಿ ಟ್ರಯಲ್ಸ್‌ಗೆ ಮಟಕಿಯಿಂದ ಆಳಂದ, ಆಳಂದದಿಂದ ಕಲಬುರಗಿ, ಅಲ್ಲಿಂದ ರಾಯಚೂರು ಮುಟ್ಟಬೇಕಂದ್ರ ಹಿಂದಿನ ದಿನವೇ ಹೊರಡಬೇಕು. ರಾತ್ರಿ ಎಲ್ಲಿರಬೇಕು? ಜೊತೆ ಯಾರು ಹೋಗಬೇಕು? ತೊಗರಿ ರಾಶಿ ನಡೆದಾಗ ಆಕೆ ಅವ್ವ ಒಂದು ದಿನದ ಕೂಲಿ ಬಿಟ್ಟು ಬರತಾಳೇನು? ಅಫಜಲಪುರದ ಹುಡುಗಿಗೂ ಇದೇ, ಜೇವರ್ಗಿ ಹುಡುಗಿಗೂ ಇದೇ.

ಮತ್ತೊಂದು ಮಾತು ಹೇಳಿಬಿಡ್ತೀನಿ. 2022ರಲ್ಲಿ ಗಂಡುಮಕ್ಕಳ ಮಹಾರಾಜ ಟ್ರೋಫಿ ಗೆದ್ದ ತಂಡದ ಹೆಸರು ಗುಲ್ಬರ್ಗಾ ಮಿಸ್ಟಿಕ್ಸ್. ನಾವು ಇಲ್ಲಿ ಪಟಾಕಿ ಹೊಡೆದೆವು. ಆ ಟೂರ್ನಿ ನಡೆದದ್ದು ಮೈಸೂರು, ಬೆಂಗಳೂರಿನಾಗ. ಹೆಸರು ನಮ್ಮದು, ಪಿಚ್ಚು ಅವರದು.

ಭಾಗ 6/9

ಖರೇ ಹೇಳಬೇಕಂದ್ರ ನಮ್ಮ ಕಡೆ ಹುಡುಗಿಯರು ಹೆಚ್ಚು ಆಡೋದು ಕ್ರಿಕೆಟ್ ಅಲ್ಲ. ಖೋ-ಖೋ, ಕಬಡ್ಡಿ. ಕನ್ನಡ ಶಾಲಿ ಅಂಗಳದಾಗ ಸುಣ್ಣದ ಗೆರಿ ಹೊಡೆದರೆ ಸಾಕು. ವಲಯ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಅಂತ ಪ್ರತಿ ವರ್ಷ ನಡೀತದ. ಆಳಂದಕ್ಕೆ ತಾಲ್ಲೂಕು ಕ್ರೀಡಾಕೂಟಕ್ಕೆ ಹೋದವರು ನೋಡೇ ಇರತೀರಿ: ಎರಡು ಜಡೆ ಹಾಕಿ, ಬರಿಗಾಲಲ್ಲಿ, ಬ್ಲೇಡಿನಂಗ ಓಡೋ ಹುಡುಗಿಯರು.

ಅವರ ಹರಾಜು ಎಲ್ಲದ?

ಪ್ರೊ ಕಬಡ್ಡಿ 2014ರಲ್ಲಿ ಬಂತು. ಗಂಡುಮಕ್ಕಳಿಗೆ. ಹೆಣ್ಣುಮಕ್ಕಳಿಗೆ ಅಂತ 2016ರಲ್ಲಿ ಮೂರು ತಂಡ ಕಟ್ಟಿ ಒಂದು ಸಲ ಆಡಿಸಿದರು: ಫೈರ್ ಬರ್ಡ್ಸ್, ಐಸ್ ದಿವಾಸ್, ಸ್ಟಾರ್ಮ್ ಕ್ವೀನ್ಸ್. ಮರುವರ್ಷ ಇಲ್ಲ. ಅಲ್ಟಿಮೇಟ್ ಖೋ ಖೋ 2022ರಲ್ಲಿ ಬಂತು. ಅದೂ ಗಂಡುಮಕ್ಕಳಿಗೆ.

ನಮ್ಮ ಹೆಣ್ಣುಮಕ್ಕಳು ಆಡೋದಿಲ್ಲ, ಅದಕ್ಕೇ ಲೀಗಿಲ್ಲ ಅಂತೀರೇನು? 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಆಯಿತು. ಮಹಿಳೆಯರ ಕಪ್ ಭಾರತಕ್ಕೆ. ನಮ್ಮ ಮೈಸೂರು ಜಿಲ್ಲೆ ಕುರುಬೂರಿನ ಬಿ. ಚೈತ್ರಾ ಆ ತಂಡದಾಗ ಇದ್ದಳು. ನವೆಂಬರ್ 24ಕ್ಕೆ ಢಾಕಾದಲ್ಲಿ ಮಹಿಳಾ ಕಬಡ್ಡಿ ವಿಶ್ವಕಪ್ ಫೈನಲ್. ಚೈನೀಸ್ ತೈಪೆ ವಿರುದ್ಧ 35-28. ಕಪ್ ನಮ್ಮದು.

ತಾರೀಖು ನೋಡ್ರಿ. 24ಕ್ಕೆ ಕಬಡ್ಡಿ ವಿಶ್ವಕಪ್, 27ಕ್ಕೆ ಡಬ್ಲ್ಯುಪಿಎಲ್ ಹರಾಜು. ಆ ಮೂರು ದಿನದಾಗ ನಾನು ಫಾಲೋ ಮಾಡೋ ಪೇಜುಗಳಲ್ಲಿ ಕಬಡ್ಡಿ ತಂಡದ ಒಂದು ಹೆಸರೂ ಕಾಣಲಿಲ್ಲ. ನನ್ನ ಪೇಜೂ ಅದರಾಗ ಬಂತು. ನಾನು ಆ ದಿನ ಆರ್‌ಸಿಬಿ ಪರ್ಸಿನಾಗ ಎಷ್ಟು ಉಳಿದದ ಅಂತ ಸ್ಲೈಡ್ ಮಾಡಲತ್ತಿದ್ದೆ.

ಭಾಗ 7/9

ನಮ್ಮೂರ ಹೆಸರು ಮಟಕಿ. ಕಾಳಿನ ಹೆಸರು. ಹೊರಗಿನವರು ಕೇಳಿದಾಗ ನಗತಾರ, "ಮಟಕಾ ಊರಾ?" ಅಂತ. ನಗಲಿ. ಮಟಕಾ ಏನಂತ ನಮ್ಮ ಭಾಗದವರಿಗೆ ಪಾಠ ಮಾಡಬೇಕಾಗಿಲ್ಲ. ಓಪನ್ ಎಷ್ಟು, ಕ್ಲೋಜ್ ಎಷ್ಟು, ನಿನ್ನಿ ಕನಸಿನಾಗ ಹಾವು ಬಂದಿತ್ತು ಅಂದ್ರ ಇವತ್ತು ಯಾವ ನಂಬರು. ಚಹಾದಂಗಡಿ ಮುಂದೆ ಕೂತು ಹಳೇ ಚಾರ್ಟ್ ನೋಡಿ ನಂಬರ್ ತೆಗೆಯೋ ಮುದುಕರು ಎಷ್ಟು ಗಂಭೀರ ಇರತಿದ್ದರು ಅಂದ್ರ, ಬ್ಯಾಂಕ್ ಮ್ಯಾನೇಜರ್‌ಗೆ ಅಷ್ಟು ಗಂಭೀರತೆ ಇರಲಿಲ್ಲ.

"ಪಕ್ಕಾ ಪಿಕ್", "ನೂರಕ್ಕೆ ನೂರು" ಅಂತ ಬರೆದ ಸ್ಲೈಡು ನೋಡಿದಾಗ ನನಗೆ ಆ ಚಾರ್ಟು ನೆನಪಾಗತದ.

ಇದು ಬರೀ ಚೇಷ್ಟಿ ಮಾತಲ್ಲ. ಊಹೆಯ ಪೇಜುಗಳಲ್ಲಿ ಸುಮಾರು ಪೇಜುಗಳಿಗೆ ರೊಕ್ಕ ಬರತಿದ್ದದ್ದು ರೊಕ್ಕ ಹಚ್ಚಿ ಆಡೋ ಫ್ಯಾಂಟಸಿ ಆ್ಯಪ್‌ಗಳ ಜಾಹೀರಾತಿನಿಂದ. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ತಂದ ಮೇಲೆ ದೊಡ್ಡ ಆ್ಯಪ್‌ಗಳು ರೊಕ್ಕದ ಆಟ ನಿಲ್ಲಿಸಿದವು. ಆಟ ನಿಂತಿಲ್ಲ, ಜಾಗ ಬದಲಿ ಆಗ್ಯಾದ. ಬಯೋದಾಗ ಒಂದು ಲಿಂಕು, ಲಿಂಕಿನ ಹಿಂದೆ ಒಂದು ಚಾನೆಲ್ಲು, ಅಲ್ಲಿ ಒಂದು ಯುಪಿಐ ನಂಬರು. ನನಗೂ ಅಂಥದ್ದು ಬಂದಿತ್ತು. ಒಂದು ಪೋಸ್ಟಿಗೆ ಇಷ್ಟು ಅಂತ. ಎರಡು ದಿನ ಉತ್ತರ ಕೊಡದೇ ಕೂತೆ. ಬೇಡ ಅಂದದ್ದು ದೊಡ್ಡ ಸಾಧನೆ ಅಂತ ಹೇಳಲತ್ತಿಲ್ಲ. ಎರಡು ದಿನ ಕೂತಿದ್ದೆ ಅನ್ನೋದೇ ನನಗೆ ಈಗ ನಾಚಿಕಿ.

ತಮ್ಮಂದಿರೇ, ನಿಮ್ಮ ಹತ್ತಿರ ಯಾರಾದರೂ ಹುಡುಗಿಯರ ಮ್ಯಾಚಿಗೆ "ಶೂರ್ ಟೀಮ್" ಕೊಡ್ತೀನಿ ಅಂದ್ರ ಒಂದೇ ಪ್ರಶ್ನೆ ಕೇಳ್ರಿ: ಆ ಹುಡುಗಿ ಹೋದ ತಿಂಗಳು ದೇಶಿ ಟೂರ್ನಿಯಲ್ಲಿ ಎಷ್ಟು ಓವರ್ ಹಾಕಿದಳು? ಅವನಿಗೆ ಗೊತ್ತಿರೋದಿಲ್ಲ.

ಭಾಗ 8/9

ಕಮೆಂಟ್‌ಗಳಿಗೆ ಉತ್ತರ. ಎಲ್ಲದಕ್ಕೂ ಆಗೋದಿಲ್ಲ, ಎರಡಕ್ಕೆ ಕೊಡ್ತೀನಿ.

"ಪ್ರತಿಭೆ ಇದ್ದವರು ಹ್ಯಾಂಗಾರೂ ಮ್ಯಾಲ ಬರತಾರ. ರಾಜೇಶ್ವರಿ ಗಾಯಕವಾಡ ಬರಲಿಲ್ಲೇನು?" ಬಂದರು. ನಮ್ಮ ಪಕ್ಕದ ವಿಜಯಪುರದವರು. 2017ರ ವಿಶ್ವಕಪ್‌ನಲ್ಲಿ ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ 15ಕ್ಕೆ 5 ವಿಕೆಟ್ ತೆಗೆದು ಭಾರತವನ್ನು ಸೆಮಿಫೈನಲ್‌ಗೆ ದಾಟಿಸಿದವರು. ಮೊದಲ ಡಬ್ಲ್ಯುಪಿಎಲ್ ಹರಾಜಿನಲ್ಲಿ ಅವರಿಗೆ 40 ಲಕ್ಷ. ಅವರ ಹೆಸರು ಹೇಳಿ ವಾದ ಗೆಲ್ಲೋದು ಸುಲಭ. ಆದರೆ ಒಬ್ಬರು ದಾಟಿದ್ದು ನೋಡಿ ಹಳ್ಳದಾಗ ನೀರಿಲ್ಲ ಅನ್ನೋದು ಯಾವ ಲೆಕ್ಕ? ಅವರ ಜೊತೆ ಅದೇ ವಯಸ್ಸಿನಾಗ ಆಡಿ, ಹತ್ತನೇ ಕ್ಲಾಸಿಗೆ ನಿಂತು, ಲಗ್ನ ಆಗಿ ಹೋದವರು ಎಷ್ಟು ಮಂದಿ? ಎಣಿಸೋಣ ಅಂದ್ರ ಎಲ್ಲೂ ಬರೆದೇ ಇಲ್ಲ. ಬರೆಯದೇ ಇದ್ದದ್ದರಿಂದಲೇ "ಇರಲಿಲ್ಲ" ಅನ್ನೋಕೆ ನಿಮಗೆ ಧೈರ್ಯ ಬರತದ.

"ಊಹೆ ಮಾಡೋದು ಖುಷಿಗೆ ರೀ, ಅದರಿಂದಾನೇ ಮಂದಿ ಹುಡುಗಿಯರ ಕ್ರಿಕೆಟ್ ನೋಡಲತ್ತಾರ." ಇದರಾಗ ಅರ್ಧ ಖರೇ ಅದ, ಒಪ್ಪತೀನಿ. ನಮ್ಮೂರ ಕಟ್ಟಿ ಮ್ಯಾಲ 2023ಕ್ಕಿಂತ ಮೊದಲು ಒಬ್ಬ ಹುಡುಗನಿಗೂ ನಾಲ್ಕು ಮಹಿಳಾ ಕ್ರಿಕೆಟಿಗರ ಹೆಸರು ಬರತಿದ್ದಿಲ್ಲ. ಈಗ ರಿಚಾ ಘೋಷ್ ಸಿಕ್ಸ್ ಬಗ್ಗೆ ಜಗಳ ಆಡತಾರ. ಅದು ಸಣ್ಣ ಮಾತಲ್ಲ, ಆ ಕೆಲಸದಾಗ ಪೇಜುಗಳ ಪಾಲೂ ಅದ. ಆದರೆ ಅದೇ ಹುಡುಗರಿಗೆ ಕೇಳ್ರಿ, ನಿಮ್ಮೂರ ಶಾಲಿ ಹುಡುಗಿಯರ ತಂಡದಾಗ ಯಾರು ಛಂದ ಆಡತಾರ ಅಂತ. ಮುಖ ಮುಖ ನೋಡಿಕೊಳ್ಳತಾರ. ಟಿವಿಯಲ್ಲಿ ಕಂಡ ಹುಡುಗಿ ಅಷ್ಟೇ ಹುಡುಗಿ. ಎದುರಿನ ಅಂಗಳದಾಗ ಆಡೋಳು ಲೆಕ್ಕಕ್ಕಿಲ್ಲ.

ಮೂರನೇ ಕಮೆಂಟ್ ಒಂದು ಇತ್ತು, ಹೆಣ್ಣುಮಕ್ಕಳಿಗೆ ಯಾಕೆ ಇದೆಲ್ಲ ಅಂತ. ಬ್ಲಾಕ್ ಮಾಡೀನಿ.

ಭಾಗ 9/9

ಕೊನೇ ಫೋಟೊ ಒಂದು ನೋಟಬುಕ್ಕಿನದು. 200 ಪೇಜಿನ ಗೆರಿ ನೋಟಬುಕ್.

ಗಂಡುಹುಡುಗರ ಟೆನ್ನಿಸ್ ಬಾಲ್ ಟೂರ್ನಮೆಂಟ್ ಇಟ್ಟಾಗ ನಾವೇನು ಮಾಡತೀವಿ? ಫ್ಲೆಕ್ಸ್ ಹಚ್ಚತೀವಿ. ಮೈಕು ಹಚ್ಚತೀವಿ. ಕ್ರಿಕ್‌ಹೀರೋಸ್ ಆ್ಯಪ್‌ನ್ಯಾಗ ಒಂದೊಂದು ಬಾಲೂ ಬರೀತೀವಿ. ಯೂಟ್ಯೂಬ್ ಲೈವ್ ಹಾಕತೀವಿ. ನಮ್ಮೂರಾಗ ಎಂಟು ವರ್ಷದ ಹಿಂದೆ ಯಾರು ಮೂರು ಸಿಕ್ಸ್ ಹೊಡೆದ ಅಂತ ವಿಡಿಯೊ ತೆಗೆದು ತೋರಿಸ್ತೀವಿ. ಹುಡುಗಿಯರ ಮ್ಯಾಚಿಂದು ಉಳಿಯೋದು ಏನು? ಒಂದು ಪ್ರಮಾಣಪತ್ರ, ಅದರ ಮೇಲೆ "ದ್ವಿತೀಯ ಸ್ಥಾನ". ಯಾರು ಎಷ್ಟು ರೈಡ್ ಹೋದಳು, ಎಷ್ಟು ಪಾಯಿಂಟ್ ತಂದಳು, ಖೋ-ಖೋದಾಗ ಎಷ್ಟು ನಿಮಿಷ ಔಟಾಗದೇ ಓಡಿದಳು, ಯಾವುದೂ ಇಲ್ಲ.

ಹರಾಜಿನ ಮರುದಿನ ಸಂಜಿ ಕಣದಾಗ ಆಕೆ ಮತ್ತೆ ಆಕೆ ಗೆಳತಿಯರು ಆಡುವಾಗ ನಾನು ಬದುವಿನ ಮೇಲೆ ಕೂತು ಬರೆದೆ. ಮೊದಲ ಸಲ. ಆರು ಓವರಿನ ಮ್ಯಾಚು. ಆಕೆ ಎರಡು ಓವರು: 12 ಬಾಲಿನಾಗ 5 ಡಾಟ್, 4 ವೈಡ್, ಒಂದು ವಿಕೆಟ್, 11 ರನ್. (ವೈಡ್ ಸೇರಿಸಿದರೆ ಬಾಲು 16 ಆಗತಾವ, ಲೆಕ್ಕ ತಪ್ಪಿದ್ದೀರಿ ಅಂತ ಕಮೆಂಟ್ ಮಾಡಬ್ಯಾಡ್ರಿ.) ಮ್ಯಾಚ್ ಮುಗಿದ ಮೇಲೆ ಓಡಿ ಬಂದು ನೋಟಬುಕ್ ಕಸಕೊಂಡಳು. ತನ್ನ ಹೆಸರಿನ ಮುಂದಿನ ಸಾಲು ಓದಿದಳು. "ನಾಲ್ಕು ವೈಡಾ? ಸುಳ್ಳು ಬರದೀ ಕಾಕಾ, ಮೂರೇ!" ಅಂದಳು. ಹತ್ತು ನಿಮಿಷ ಜಗಳ. ಗೆಳತಿಯರೆಲ್ಲ ಸೇರಿ ನಾಲ್ಕೇ ಅಂತ ತೀರ್ಪು ಕೊಟ್ಟರು.

ಮರುದಿನ ಆಕೆ ಕಣಕ್ಕೆ ಎಲ್ಲರಿಗಿಂತ ಮೊದಲು ಬಂದಿದ್ದಳು. ಒಂದು ಇಟ್ಟಂಗಿ ಇಟ್ಟು ಅದಕ್ಕೇ ಹಾಕಲತ್ತಿದ್ದಳು. ಈಗ ಒಂಬತ್ತು ಮ್ಯಾಚು ಬರೆದೀನಿ. ವೈಡ್ ಕಡಿಮೆ ಆಗ್ಯಾವ. ಇನ್ನೊಬ್ಬಳು, ಆಕೆಗಿಂತ ಸಣ್ಣಾಕಿ, ಒಂಬತ್ತು ಮ್ಯಾಚಿನಾಗ ಒಂದೂ ಕ್ಯಾಚ್ ಬಿಟ್ಟಿಲ್ಲ ಅಂತ ನೋಟಬುಕ್ ನೋಡಿದ ಮೇಲೇನೇ ನಮಗ ಗೊತ್ತಾಯ್ತು. ಆಕೆಗೂ ಗೊತ್ತಿದ್ದಿಲ್ಲ.

ಇನ್ನು ಮುಂದೆ ಈ ಪೇಜಿನಲ್ಲಿ ಹರಾಜಿನ ಊಹೆ ಬರೋದಿಲ್ಲ. ವಲಯದ ಟ್ರಯಲ್ಸ್ ತಾರೀಖು ಹುಡುಕಿ ಹಾಕತೀನಿ. ರಾಯಚೂರು, ಕಲಬುರಗಿ, ಬೀದರ್ ಕಡೆಯವರಿಗೆ ಗೊತ್ತಿದ್ದರೆ ಇನ್‌ಬಾಕ್ಸ್ ಮಾಡ್ರಿ, ಹುಡುಗಿಯರ ಹೆಸರು, ಫೋಟೊ ಕಳಿಸಬ್ಯಾಡ್ರಿ, ತಾರೀಖು ಮತ್ತು ಜಾಗ ಸಾಕು. ಊಹೆ ಬೇಕಾದವರು ಅನ್‌ಫಾಲೋ ಮಾಡಬಹುದು, ಬ್ಯಾಸರ ಇಲ್ಲ.

ಬರುವ ಐತವಾರ ಮುಂಜಾನಿ ಪಕ್ಕದ ಊರ ಹುಡುಗಿಯರು ಆಡಾಕ ಬರಲತ್ತಾರ. ಒಂದು ಕಡೆ ಕ್ರಿಕೆಟ್, ಒಂದು ಕಡೆ ಕಬಡ್ಡಿ. ನಾನೊಬ್ಬನೇ ಎರಡೂ ಬರೆಯೋಕಾಗೋದಿಲ್ಲ. ಆಳಂದ ಕಡೆಯಿಂದ ಕಬಡ್ಡಿ ಪಾಯಿಂಟ್ ಬರೀಲಿಕ್ಕೆ ಬರೋ ಅಕ್ಕೋರು, ಅಣ್ಣೋರು ಯಾರಾದರೂ ಇದ್ದರೆ ಬರ್ರಿ. ಪೆನ್ನು ನಿಮ್ಮದು, ಚಹಾ ನಮ್ಮದು.

#ಮಟಕಿ #ಆಳಂದ #ಕಲಬುರಗಿ #ಹುಡುಗಿಯರಆಟ #ಸ್ಕೋರುಬರೀರಿ